ಹೊಗಳುವ ಸರದಿ

ಬಾಂಬರ್ಗ್, ಮಂಗಳವಾರ, ೧೪ ಅಕ್ಟೋಬರ್ ೧೯೫೮

ಚಪ್ಪಾಳೆ ಇನ್ನೂ ಕಿವಿಯಲ್ಲಿ ಗುಯ್‌ಗುಡುತ್ತಿದೆ. ನನಗೆ ಬಿದ್ದದ್ದಲ್ಲ, ಅವನಿಗೆ.

ಊರಿನ ಸಾಹಿತ್ಯ ಪ್ರಶಸ್ತಿ ಈ ಸಲ ವೆಂಡೆಲಿನ್‌ಗೆ. ಹಳೆಯ ಗೆಳೆಯನೆಂದು, ಅವನನ್ನು ಹೊಗಳುವ ಭಾಷಣ ನನ್ನ ತಲೆಗೆ ಕಟ್ಟಿದರು. ಕಾದಂಬರಿ, ನಾಟಕ, ರೇಡಿಯೋ ರೂಪಕ, ಮುಟ್ಟಿದ್ದೆಲ್ಲ ಚಿನ್ನ ಆ ಮಹಾಶಯನಿಗೆ. ಅವನ ಶಿಶುಗೀತೆ ಹೇಳದೆ ನನ್ನ ಮಗಳೇ ಮಲಗುವುದಿಲ್ಲ. ನನಗೆ ಉಳಿದಿದ್ದದ್ದು ಪ್ರಬಂಧ. ಹೋದ ವರ್ಷ ಅದಕ್ಕೂ ಕೈಹಾಕಿದ.

ಹೊಗಳಿಕೆಯ ಭಾಷಣವೊಂದನ್ನು ಮಾತ್ರ ಅವನು ಎಂದೂ ಮಾಡಿರಲಿಲ್ಲ. ಹಾಗಾಗಿ ಹಟಕ್ಕೆ ಬಿದ್ದು ಬರೆದೆ. ಪುರಭವನದಲ್ಲಿ ಇವತ್ತು ಜನ ತಲೆದೂಗಿದರು. ಒಂದು ಗಳಿಗೆ ಸಭೆ ನನ್ನದಾಗಿತ್ತು.

ಆಮೇಲೆ ವಂದನೆ ಹೇಳಲು ಅವನೆದ್ದ, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ.

"ನನ್ನ ಪುರಾಣ ಸಾಕು. ನಮ್ಮ ಆಲ್ಬ್ರೆಕ್ಟ್ ಎಂಥವನು ಅಂತ ಹೇಳ್ತೀನಿ ಕೇಳಿ," ಎಂದು ನನ್ನತ್ತ ಕೈತೋರಿಸಿದ.

ಯುದ್ಧ ಮುಗಿದ ಚಳಿಗಾಲದಲ್ಲಿ ಕಲ್ಲಿದ್ದಲು ಸಿಗದೆ, ಅವನು ತನ್ನ ಮೊದಲ ಕಾದಂಬರಿಯ ಹಾಳೆಗಳನ್ನು ಒಲೆಗೆ ಹಾಕಲು ಹೊರಟಾಗ, ನಾನು ತಡೆದು ನನ್ನ ಕಾದಂಬರಿಯನ್ನೇ ಹಾಕಿದೆನಂತೆ. ಹಾಕಿದ್ದು ನಿಜ. ಆದರೆ ನನ್ನದು ಸುಡಲಿಕ್ಕೇ ಲಾಯಕ್ಕಾಗಿತ್ತು, ಅದನ್ನು ಅವನು ಹೇಳಲಿಲ್ಲ. ಸಭೆಯೆಲ್ಲ ಕಣ್ಣೊರೆಸಿಕೊಂಡಿತು.

ಮನೆಗೆ ಬರುವಾಗ ನನ್ನ ಹೆಂಡತಿ ವಾಲ್ಟ್ರೌಟ್ ಇನ್ನೂ ಮೂಗೊರೆಸುತ್ತಿದ್ದಳು.

"ಎಷ್ಟು ಚೆನ್ನಾಗಿ ಮಾತಾಡಿದ್ರು, ಅಲ್ವಾ?"

"ನನ್ನ ಭಾಷಣ?"

"ಅದೂ ಚೆನ್ನಾಗಿತ್ತು ಕಣ್ರೀ."

ಹೊಗಳುವುದರಲ್ಲೂ ಅವನೇ ಗೆದ್ದ. ಅದಾದರೂ ಹೋಗಲಿ. ಅವನ ಬಾಯಲ್ಲಿ ಬಂದ ಆಲ್ಬ್ರೆಕ್ಟ್ ಎಂಥ ದೊಡ್ಡ ಮನುಷ್ಯ! ಆ ಆಲ್ಬ್ರೆಕ್ಟ್‌ನನ್ನು ನೆನೆದರೂ ಈಗ ನನಗೆ ಹೊಟ್ಟೆಕಿಚ್ಚು.