ಇಂದು ವಿರುದ್ಧ ಗಂಗಾಂಬಿಕಾ

ಕ್ಯಾರಿ, ನಾರ್ತ್ ಕೆರೊಲಿನಾ
ಮಾರ್ಚ್ ೧೭, ೧೯೯೬

ಪ್ರೀತಿಯ ಮಲ್ಲಮ್ಮಕ್ಕನಿಗೆ,

ತಂಗಿ ಗಂಗಾಳ ನಮಸ್ಕಾರಗಳು. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ, ಎಷ್ಟು ಬೈದುಕೊಂಡೆಯೋ ಏನೋ. ಮಾಮಾನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ಓದಿ ಸಮಾಧಾನವಾಯಿತು. ನಮ್ಮ ಮನೆಯವರಿಗೆ ಕಡೆಗೂ ರಾಲಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಸೇತುವೆ ಕಟ್ಟಿಸುತ್ತಿದ್ದವರು ಈಗ ಪಾರ್ಕಿಂಗ್ ಲಾಟುಗಳ ನಕ್ಷೆ ಬರೆಯುತ್ತಾರೆ. ನಮ್ಮ ಇಂದು ಈಗ ಹೊಸ ಕಾಲು ಹಾಕಿಕೊಂಡು ಸ್ಕೂಲ್ ಬಸ್ಸಿನ ಮೆಟ್ಟಿಲನ್ನು ತಾನೇ ಹತ್ತುತ್ತಾಳೆ. ಕೈ ಹಿಡಿಯಲು ಹೋದರೆ ಸಿಟ್ಟು.

ಅಕ್ಕಾ, ಒಂದು ಮಾತು ಒಪ್ಪಿಕೊಳ್ಳಬೇಕು. ಆಕ್ಸಿಡೆಂಟ್ ಆದಾಗ ಫೋನಿನಲ್ಲಿ ನಿಮಗೆಲ್ಲ, ಟ್ರಕ್ಕಿನವ ಬಂದು ಹೊಡೆದ ಎಂದಿದ್ದೆ. ಅವನು ತನ್ನ ದಾರಿಯಲ್ಲಿ ಸರಿಯಾಗಿಯೇ ಬರುತ್ತಿದ್ದ. ಕಾರು ಓಡಿಸುತ್ತಿದ್ದವಳು ನಾನು. ಎದುರಿಗೆ ನೋಡದೆ, ಅವನ ದಾರಿಗೆ ಅಡ್ಡವಾಗಿ ಎಡಕ್ಕೆ ತಿರುಗಿಸಿದವಳೂ ನಾನೇ. ಹಿಂದೆ ಕೂತಿದ್ದ ಇಂದುವಿನ ಬಲಗಾಲು ಬಾಗಿಲಿಗೂ ಸೀಟಿಗೂ ನಡುವೆ ಸಿಕ್ಕಿತು. ಮೊಣಕಾಲಿನ ಕೆಳಗೆ ತೆಗೆಯಲೇಬೇಕಾಯಿತು.

ಆಗ ಇವರ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಅದರ ಜೊತೆ ಹೆಲ್ತ್ ಇನ್ಶೂರೆನ್ಸೂ ಹೋಗಿತ್ತು. ಆಸ್ಪತ್ರೆಯ ಸೋಶಿಯಲ್ ವರ್ಕರ್ ಒಬ್ಬಳು ಮೆಡಿಕೇಡ್‌ಗೆ ಅಪ್ಲೈ ಮಾಡಿಸಿದಳು. ಕೈಯಲ್ಲಿ ದುಡ್ಡಿಲ್ಲದವರ ಆಸ್ಪತ್ರೆ ಖರ್ಚನ್ನು ಸರ್ಕಾರವೇ ಕೊಡುವ ವ್ಯವಸ್ಥೆ ಅದು. ಐದು ಆಪರೇಷನ್, ಏಳು ವಾರದ ಹಾಸಿಗೆ, ಮೊದಲ ಕೃತಕ ಕಾಲು, ಎಲ್ಲಕ್ಕೂ ಅವರೇ ಕೊಟ್ಟರು. ಮುಂದೆ ಯಾರಿಂದಲಾದರೂ ಪರಿಹಾರ ಬಂದರೆ ಅದರಲ್ಲಿ ಸರ್ಕಾರಕ್ಕೂ ಪಾಲು ಎಂದು ಫಾರ್ಮಿನಲ್ಲಿ ಬರೆದಿತ್ತು. ನಮಗೆ ಯಾರು ಕೊಡುತ್ತಾರೆ ಎಂದುಕೊಂಡು ಸಹಿ ಹಾಕಿದೆವು.

ಆದರೆ ಬೆಳೆಯುವ ಮಗು, ವರ್ಷ ಎರಡು ವರ್ಷಕ್ಕೊಮ್ಮೆ ಕಾಲು ಬದಲಿಸಬೇಕು. ಇವರು ಒಬ್ಬ ವಕೀಲೆಯನ್ನು ಹುಡುಕಿದರು. ಅವಳು ನನ್ನ ಮುಖ ನೋಡದೆ ಹೇಳಿದಳು, "ನಿಮ್ಮ ಕಾರಿನ ಇನ್ಶೂರೆನ್ಸ್ ಕಂಪನಿ ಕೊಡುತ್ತದೆ. ಅದಕ್ಕೆ ಮಗಳು ನಿಮ್ಮ ಮೇಲೆ ಕೇಸ್ ಹಾಕಬೇಕು." ಮಗಳ ಪರವಾಗಿ ಅವಳಪ್ಪ, ಎದುರು ಪಕ್ಷದಲ್ಲಿ ನಾನು. ನಡೆದದ್ದನ್ನೆಲ್ಲ ನಾನೇ ಬರೆದು ಸಹಿ ಮಾಡಿ ಕೊಡಬೇಕಿತ್ತು. ನಾಲ್ಕು ತಿಂಗಳು ಆ ಕಾಗದವನ್ನು ಮುಟ್ಟಲಿಲ್ಲ. ಒಂದು ದಿನ ಇವರು ಪೆನ್ನು ತಂದು ಮುಂದಿಟ್ಟರು.

"ನಿನ್ನ ಯಾರೂ ಜೈಲಿಗೆ ಹಾಕೂದಿಲ್ಲ ಗಂಗಾ. ಆಕೀಗೆ ಕಾಲು ಬೇಕು. ಖರೇ ಏನಾತೋ ಅದನ್ನ ಬರಿ, ಸಾಕು."

ಬರೆದೆ. ಕಂಪನಿಯವರು ಪಾಲಿಸಿಯಲ್ಲಿ ಇದ್ದಷ್ಟೂ ಕೊಡಲು ಒಪ್ಪಿದರು. ಇದ್ದದ್ದೇ ಕಡಿಮೆ. ಕಂತು ಅಗ್ಗವೆಂದು ಸಣ್ಣ ಪಾಲಿಸಿ ಆರಿಸಿದ್ದೂ ನಾನೇ. ಅದರಲ್ಲಿ ಮೂರನೇ ಒಂದು ಭಾಗ ಮೆಡಿಕೇಡ್‌ಗೆ ಎಂದು ಪತ್ರ ಬಂತು. ನಾನು ತಡೆಯಲಾರದೆ ಆ ಆಫೀಸಿಗೆ ಫೋನ್ ಮಾಡಿ, ಮಗುವಿನ ಕಾಲಿನ ದುಡ್ಡು ಇದು ಎಂದು ಕೂಗಾಡಿದೆ. ಆ ಕಡೆಯ ಹೆಂಗಸು ನಾನು ಮುಗಿಸುವ ತನಕ ಕಾದಳು. "ಮೇಡಂ, ನಾವು ಅವಳಿಗೆ ಕೊಟ್ಟದ್ದು ಇದರ ಎಷ್ಟೋ ಪಟ್ಟು. ಉಳಿದದ್ದನ್ನು ಕೇಳುತ್ತಿಲ್ಲ. ಇದರಿಂದ ಇನ್ನೊಂದು ಮಗುವಿಗೆ ಆಪರೇಷನ್ ಆಗುತ್ತದೆ" ಎಂದಳು. ಆಮೇಲೆ, "ನಿಮ್ಮ ಮಗಳು ಈಗ ನಡೀತಾಳಾ?" ಎಂದು ಕೇಳಿದಳು. ನನಗೆ ಜಗಳ ಬೇಕಿತ್ತು ಅಕ್ಕಾ. ಅವಳು ಕೊಡಲಿಲ್ಲ.

ಮೊನ್ನೆ ಮಂಗಳವಾರ ಕೋರ್ಟಿಗೆ ಹೋದೆವು. ಮಕ್ಕಳ ಪರಿಹಾರವನ್ನು ಜಡ್ಜ್ ಒಪ್ಪಲೇಬೇಕಂತೆ. ಗುಮಾಸ್ತ ಎದ್ದು, "ಇಂದು ವಿರುದ್ಧ ಗಂಗಾಂಬಿಕಾ" ಎಂದು ತೊದಲುತ್ತ ಕೂಗಿದ. ಅಪ್ಪ ಮಗಳು ಆ ಮೇಜಿನಲ್ಲಿ, ನಾನೊಬ್ಬಳೇ ಈ ಮೇಜಿನಲ್ಲಿ. ನಡುವೆ ನಾಲ್ಕು ಹೆಜ್ಜೆ ಜಾಗ. ತಾಯಿ ಎದುರು ಬರುವ ವಾಹನವನ್ನು ಗಮನಿಸಲಿಲ್ಲ, ಮಗುವಿನದೇನೂ ತಪ್ಪಿಲ್ಲ ಎಂದು ವಯಸ್ಸಾದ ಜಡ್ಜ್ ನಿಧಾನಕ್ಕೆ ಓದಿದರು. ಸರ್ಕಾರದ ಪಾಲು, ವಕೀಲೆಯ ಪಾಲು ಹೋಗಿ ಉಳಿದದ್ದು ಇಂದುವಿಗೆ ಹದಿನೆಂಟಾಗುವ ತನಕ ಕೋರ್ಟಿನಲ್ಲೇ ಇರುತ್ತದೆ. ನಡುವೆ ಕಾಲಿಗೆ ಬೇಕಾದರೆ ಅರ್ಜಿ ಹಾಕಬೇಕು. ಲೆಕ್ಕ ಹಾಕಿದರೆ ಇನ್ನೆರಡು ಸಲ ಕಾಲು ಬದಲಿಸಲು ಸಾಕಾಗಬಹುದು.

ಅವ್ವನಿಗೆ ಈ ಕಾಗದ ಓದಿ ಹೇಳಬೇಡ, ಇಂದು ನಡೆಯುತ್ತಾಳೆ ಎಂದಷ್ಟೇ ಹೇಳು. ಮಾಮಾಗೆ ನಮಸ್ಕಾರ, ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಗಂಗಾಂಬಿಕಾ

ತಾ. ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಟ್ರಕ್ ನನಗೆ ಯಾಕೆ ಕಾಣಲಿಲ್ಲವೆಂದು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ಆ ದಿನ ಇಂದು ತಾನು ಬರೆದ ಚಿತ್ರ ತೋರಿಸಲು ಹಿಂದಿನಿಂದ "ಅವ್ವಾ, ನೋಡು" ಎಂದಳು. ಹೊರಳಿ ನೋಡಿದೆ. ಕಾಲು ತೆಗೆದ ಮರುದಿನ, ಅವಳಿಗೆ ಎಚ್ಚರವಿಲ್ಲ ಎಂದುಕೊಂಡು, ಹಾಸಿಗೆ ಪಕ್ಕ ಕೂತು ಅಳುತ್ತ ಅಂದಿದ್ದೆ, "ನೀ ಕರೀದಿದ್ರ ಹಿಂಗ ಆಗ್ತಿರಲಿಲ್ಲ."

ಎಚ್ಚರವಿತ್ತು. ನಿನ್ನೆ ಬೆಳಿಗ್ಗೆ ಹಾಲಿಗೆ ಹಾಕಿದ ಸೀರಿಯಲ್ ತಿನ್ನುತ್ತ ಕೇಳಿದಳು, "ಅವ್ವಾ, ಜಡ್ಜ್ ಹೇಳಿದ್ರಲ್ಲ, ಇಟ್ಸ್ ಯುವರ್ ಫಾಲ್ಟ್ ಅಂತ. ಸೋ, ನಂದಲ್ಲ?"

ಒಂದೂವರೆ ವರ್ಷ ಅಕ್ಕಾ, ನನ್ನ ಆ ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. "ನಿಂದಲ್ಲ, ನಂದು" ಎಂದೆ. "ಆರ್ ಯೂ ಶೂರ್?" ಎಂದಳು. ಮತ್ತೆ ಹೇಳಿದೆ. ತಲೆಯಾಡಿಸಿ, ಬಟ್ಟಲಿನ ಹಾಲು ಕುಡಿದು, ಎದ್ದು ಹೋದಳು. ಇವರಿಗೆ ಇನ್ನೂ ಹೇಳಿಲ್ಲ.