ನನ್ನ ತಂಗಿ ಕೊಡದ ರಾಜೀನಾಮೆ ಮತ್ತು ನಿಮ್ಮ ಏಳನೆಯ ಪಾಠ

ಮಾನ್ಯ ಮುಖ್ಯ ಆಡಳಿತಾಧಿಕಾರಿಗಳೇ,

ನನ್ನ ತಂಗಿ ರಾಜೀನಾಮೆ ಕೊಟ್ಟಿಲ್ಲ. ಆದರೂ ನೀವು ಅದನ್ನು ಅಂಗೀಕರಿಸಿದ್ದೀರಿ, ಜೊತೆಗೆ ಶುಭವನ್ನೂ ಹಾರೈಸಿದ್ದೀರಿ. ಕೊಡದೆ ಇದ್ದದ್ದನ್ನು ಪಡೆದುಕೊಳ್ಳುವ ವಿದ್ಯೆಗೆ ನಮ್ಮ ಬೀದಿಯಲ್ಲಿ ಬೇರೆ ಹೆಸರಿದೆ. ನೀವು ದೊಡ್ಡ ಹುದ್ದೆಯಲ್ಲಿರುವವರು, ಅದನ್ನಿಲ್ಲಿ ಬರೆಯುವುದಿಲ್ಲ. ನಿಮ್ಮ ಆಸ್ಪತ್ರೆಯ ಹಿಂದಿನ ಗೇಟಿನೆದುರು ಬೀಗ ರಿಪೇರಿಯ ಸಣ್ಣ ಅಂಗಡಿ ಇದೆಯಲ್ಲ, ಅದು ನನ್ನದು. ಬಾಗಿಲು ಕಂಡ ಕೂಡಲೇ ಇದರ ಇನ್ನೊಂದು ಕೀಲಿ ಯಾರ ಹತ್ತಿರ ಇದೆ ಎಂದು ಯೋಚಿಸುವುದು ನನ್ನ ಕಸುಬಿನ ರೋಗ. ಈ ಪತ್ರದಲ್ಲಿ ಅನುಮಾನ ತುಸು ಹೆಚ್ಚಾಯಿತು ಎನ್ನಿಸಿದರೆ ಕಸುಬನ್ನು ಬಯ್ಯಿರಿ, ಆದರೆ ಕೊನೆಯವರೆಗೆ ಓದಿ.

ನನ್ನ ತಂಗಿ ನಿಮ್ಮ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ರೋಗಿಗಳ ಬೆಡ್‌ಶೀಟು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲವನ್ನೂ ಒಗೆದು, ಇಸ್ತ್ರಿ ಮಾಡಿ, ಮಡಿಸಿ, ತಳ್ಳುಗಾಡಿಯಲ್ಲಿ ವಾರ್ಡುಗಳಿಗೆ ತಲುಪಿಸುತ್ತಾಳೆ. ತಲುಪಿಸುತ್ತಿದ್ದಳು ಎನ್ನಬೇಕೇನೋ. ಅವಳ ಗಂಡನ ಕಿಡ್ನಿ ಕೆಟ್ಟಿದೆ. ವಾರಕ್ಕೆರಡು ಸಲ ನಿಮ್ಮಲ್ಲೇ ಡಯಾಲಿಸಿಸ್, ನೌಕರರ ಕುಟುಂಬವೆಂದು ಉಚಿತ. ಈಗ ಅವಳು ನೌಕರಳಲ್ಲ ಎಂದಾದ ಮೇಲೆ ತಿಂಗಳ ಕೊನೆಗೆ ಅವನ ಉಚಿತ ಚಿಕಿತ್ಸೆಯ ಕಾರ್ಡೂ ರದ್ದು. ಗಂಡನ ಜೀವ ನಿಂತಿರುವ ಆಸ್ಪತ್ರೆಯ ಕೆಲಸವನ್ನು ಯಾವ ಹೆಂಗಸು ತಾನಾಗಿ ಬಿಟ್ಟು ಹೋಗುತ್ತಾಳೆ ಸ್ವಾಮಿ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಆದದ್ದಿಷ್ಟು. ಲಾಂಡ್ರಿಗೊಬ್ಬಳು ಮೇಲ್ವಿಚಾರಕಿ ಬೇಕು, ಅವಳಿಗೆ ಇಂಗ್ಲಿಷ್ ಬರಬೇಕು, ಅದಕ್ಕೆ ಎಲ್ಲರೂ ಮೌಖಿಕ ಪರೀಕ್ಷೆಗೆ ಕೂರಬೇಕು ಎಂದು ನೀವು ಸುತ್ತೋಲೆ ಹೊರಡಿಸಿದಿರಿ. ರಕ್ತದ ಕಲೆಗೆ ಇಂಗ್ಲಿಷಿನಲ್ಲಿ ಬೈದರೆ ಬೇಗ ಹೋಗುತ್ತದೆಯೋ ಏನೋ, ನನಗೆ ತಿಳಿಯದು. ಕಚೇರಿಯೇ ಒಂದು ಪುಸ್ತಕ ಅಚ್ಚು ಹಾಕಿಸಿ ಹಂಚಿತು. ಪಾಠ ಹೇಳಲು ಒಬ್ಬರನ್ನು ಕಳಿಸಿತು. ಇಸ್ತ್ರಿ ಕೋಣೆಯ ಆ ಸೆಕೆಯಲ್ಲೂ ಟೈ ಬಿಚ್ಚದ ಅವರನ್ನು ಹೆಂಗಸರೆಲ್ಲ ಟೈ ಮೇಷ್ಟ್ರು ಎಂದು ಕರೆದರು.

ಪುಸ್ತಕದ ಏಳನೆಯ ಪಾಠವೇ ನನ್ನ ದೂರಿನ ಬುಡ. ಇಂಗ್ಲಿಷಿನಲ್ಲಿ ಕೆಲವು ನಾಮಪದಗಳಿವೆಯಂತೆ: ಡಿಸಿಷನ್, ಪರ್ಮಿಷನ್, ಪ್ರಾಮಿಸ್, ರೈಟ್, ರಿಕ್ವೆಸ್ಟ್. ಅವು ಒಂಟಿಯಾಗಿ ನಿಂತರೆ ಮಾತು ಪೂರ್ತಿಯಾಗುವುದಿಲ್ಲ. ಆಮೇಲೊಂದು 'ಟು' ಬಂದು, ಅದಾದ ಮೇಲೊಂದು ಕ್ರಿಯಾಪದ ಬಂದಾಗಲೇ ಏನು ಮಾಡುವ ನಿರ್ಧಾರ, ಏನು ಮಾಡಲು ಅನುಮತಿ ಎಂಬುದು ತಿಳಿಯುತ್ತದೆ. ನಮ್ಮಲ್ಲಿ ಇದು ತಲೆಕೆಳಗು. 'ಮನೆಗೆ ಹೋಗಲು ಅನುಮತಿ' ಎನ್ನುತ್ತೇವೆ. ಮಾಡುವ ಕೆಲಸ ಮೊದಲು, ಅದರ ಹೆಸರು ಆಮೇಲೆ. ಅಲ್ಲಿ ಹಾಗಲ್ಲ. ನಿರ್ಧಾರ ಮೊದಲೇ ಬಂದು ಕುಳಿತಿರುತ್ತದೆ, ಎಂಥ ನಿರ್ಧಾರ ಎಂಬುದು ಕೇಳುವವನಿಗೆ ಕೊನೆಗೆ ಗೊತ್ತಾಗುತ್ತದೆ. ಕಚೇರಿಗಳಿಗೆ ಈ ಭಾಷೆ ಏಕೆ ಇಷ್ಟು ಒಗ್ಗುತ್ತದೆ ಎಂಬುದು ನನಗೆ ಆ ಪಾಠ ಓದಿದ ಮೇಲೆ ಹೊಳೆಯಿತು.

ಪ್ರತಿ ಪದಕ್ಕೂ ಪುಸ್ತಕದಲ್ಲಿ ಒಂದೊಂದು ಉದಾಹರಣೆ. ಟೈ ಮೇಷ್ಟ್ರ ಅಪ್ಪಣೆ ಸ್ಪಷ್ಟವಾಗಿತ್ತು: “ಸ್ವಂತ ವಾಕ್ಯ ಮಾಡೋಕೆ ಹೋಗಬೇಡ್ರಮ್ಮಾ. ಸ್ವಂತ ವಾಕ್ಯ ಅಂದ್ರೆ ಸ್ವಂತ ತಪ್ಪು. ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಒಪ್ಪಿಸಿ, ಮಾರ್ಕ್ಸ್ ತಗೊಳ್ಳಿ.” ನಾವೆಲ್ಲ ಕಲಿತದ್ದೇ ಹಾಗಲ್ಲವೇ? ಮಗ್ಗಿ ಒಪ್ಪಿಸಿದೆವು, ಪದ್ಯ ಒಪ್ಪಿಸಿದೆವು. ಪಾಠ ಒಪ್ಪಿಸುವ ಹುಡುಗ 'ನಾನೇ ಈ ನಾಡಿನ ರಾಜ' ಎಂದರೆ ಯಾರೂ ಅವನಿಗೆ ಸಿಂಹಾಸನ ತಂದುಕೊಟ್ಟಿಲ್ಲ.

ಡಿಸಿಷನ್ ಎಂಬ ಪದಕ್ಕೆ ನಿಮ್ಮ ಪುಸ್ತಕ ಕೊಟ್ಟ ಉದಾಹರಣೆ ಇದು: 'ಮೈ ಡಿಸಿಷನ್ ಟು ಲೀವ್ ದಿಸ್ ಜಾಬ್ ಈಸ್ ಫೈನಲ್.' ಈ ಕೆಲಸ ಬಿಡುವ ನನ್ನ ನಿರ್ಧಾರ ಅಂತಿಮ ಎಂದು. ಲೋಕದಲ್ಲಿ ಮನುಷ್ಯರು ಎಷ್ಟೊಂದು ನಿರ್ಧಾರ ಮಾಡುತ್ತಾರೆ! ಮನೆಗೆ ಸುಣ್ಣ ಬಳಿಯುತ್ತಾರೆ, ಮಗಳನ್ನು ಕಾಲೇಜಿಗೆ ಸೇರಿಸುತ್ತಾರೆ. ಪುಸ್ತಕ ಬರೆದವರಿಗೆ ಇದೊಂದೇ ಏಕೆ ಹೊಳೆಯಿತು?

ತಂಗಿ ಮನೆಯಲ್ಲಿ ತರಕಾರಿ ಹೆಚ್ಚುತ್ತ ಇದನ್ನು ಉರು ಹೊಡೆಯುತ್ತಿದ್ದಳು. ನಾನು ಅಲ್ಲೇ ಇದ್ದೆ. ಅವಳ ಮಗಳು ತಿದ್ದುತ್ತಿದ್ದಳು.

“ಅಮ್ಮಾ, ಫೈನಲ್ ಅನ್ನೋದನ್ನ ಗಟ್ಟಿಯಾಗಿ ಹೇಳು. ನಿರ್ಧಾರ ಮಾಡಿದೋರು ಹೀಗೆ ಪಿಸುಗುಡ್ತಾರಾ?”

“ಮೈ ಡಿಸಿಷನ್ ಟು ಲೀವ್ ದಿಸ್ ಜಾಬ್ ಈಸ್ ಫೈನಲ್. ಬಿಡ್ತು, ಬಿಡ್ತು!”

“ಬಿಡ್ತು ಅನ್ನೋದು ಪುಸ್ತಕದಲ್ಲಿಲ್ಲಮ್ಮಾ.”

“ಇಲ್ಲದಿದ್ರೆ ಅಷ್ಟೇ ಹೋಯ್ತು. ಅನ್ನ ಕೊಡೋ ಕೆಲಸದ ಬಗ್ಗೆ ಇಂಥ ಮಾತು ಬಾಯಲ್ಲಿ ಬಂದ್ರೆ ಬಿಡ್ತು ಅನ್ನದೆ ಇರೋಕಾಗುತ್ತೇನೆ?”

ನಾವು ಮೂವರೂ ನಕ್ಕೆವು. ಒಳಕೋಣೆಯಿಂದ ಅವಳ ಗಂಡನೂ ನಕ್ಕ.

ಪರೀಕ್ಷೆಯ ದಿನ ಮೂವರು ಅಧಿಕಾರಿಗಳು ಕುಳಿತಿದ್ದರು. ಡಬ್ಬಿಯೊಳಗೆ ಕೈ ಹಾಕಿ ಚೀಟಿ ಎತ್ತಬೇಕು, ಅದರಲ್ಲಿರುವ ಪದಕ್ಕೆ ವಾಕ್ಯ ಹೇಳಬೇಕು. ತಂಗಿಗೆ ಬಂದದ್ದು ಡಿಸಿಷನ್. ಬೆಣ್ಣೆಯಿಂದ ಕೂದಲು ತೆಗೆದಂತೆ ಒಪ್ಪಿಸಿದಳು. ಬಾಯಿ ತಡೆಯದೆ ಕೊನೆಗೆ ಬಿಡ್ತು ಎಂದೂ ಅಂದಳು. ನಡುವೆ ಕುಳಿತಿದ್ದ ಅಧಿಕಾರಿ 'ವೆರಿ ಗುಡ್' ಎಂದರಂತೆ. ಅವಳು ಮನೆಗೆ ಬಂದು ಆ ವೆರಿ ಗುಡ್ಡನ್ನು ಗಂಡನಿಗೆ, ಮಗಳಿಗೆ, ನನಗೆ, ಕೊನೆಗೆ ಪಕ್ಕದ ಮನೆಯವರಿಗೂ ಹೇಳಿದಳು. ಹದಿನೈದು ದಿನಕ್ಕೆ ನಿಮ್ಮ ಆದೇಶ ಬಂತು: 'ಮೂವರು ಅಧಿಕಾರಿಗಳ ಸಮಕ್ಷಮ ತಾವು ವ್ಯಕ್ತಪಡಿಸಿದ ಅಂತಿಮ ನಿರ್ಧಾರವನ್ನು ಮನ್ನಿಸಿ ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಲಾಗಿದೆ.' ಅದರ ಜೊತೆಗೇ ಅಂಕಪಟ್ಟಿ. ಇಂಗ್ಲಿಷ್: ಅತ್ಯುತ್ತಮ.

ಇರಲಿ. ಪರೀಕ್ಷೆಯಲ್ಲಿ ಹೇಳಿದ್ದೆಲ್ಲ ಸತ್ಯ ಎಂಬುದು ನಿಮ್ಮ ನಿಯಮವೆಂದೇ ಇಟ್ಟುಕೊಳ್ಳೋಣ. ತಂಗಿಯ ಜೊತೆ ಬೆಡ್‌ಶೀಟು ಮಡಿಸುವವಳಿಗೆ ಬಂದ ಚೀಟಿ ಪ್ರಾಮಿಸ್. 'ನಮ್ಮ ಸಂಬಳ ಹೆಚ್ಚಿಸುವುದಾಗಿ ಸಾಹೇಬರು ಮಾತು ಕೊಟ್ಟಿದ್ದಾರೆ' ಎಂದು ಅವಳು ಇಂಗ್ಲಿಷಿನಲ್ಲಿ, ಅದೇ ಪುಸ್ತಕದಿಂದ, ಅದೇ ಮೂವರ ಮುಂದೆ ಒಪ್ಪಿಸಿದಳು. ಹೆಚ್ಚಿಸಿದಿರಾ? ಇಸ್ತ್ರಿಯವಳಿಗೆ ಬಂದದ್ದು ರೈಟ್. 'ದಣಿದಾಗ ಕುಳಿತುಕೊಳ್ಳುವ ಹಕ್ಕು ನಮಗಿದೆ' ಎಂದಳು. ಇಸ್ತ್ರಿ ಕೋಣೆಯಲ್ಲಿ ಇಂದಿಗೂ ಒಂದು ಸ್ಟೂಲಿಲ್ಲ. ಹಾಗಾದರೆ ಮಾತು ಕೊಟ್ಟದ್ದು ಬರೀ ವ್ಯಾಕರಣ, ಹಕ್ಕು ಬರೀ ವ್ಯಾಕರಣ, ಕೆಲಸ ಬಿಡುವುದೊಂದು ಮಾತ್ರ ಸತ್ಯವೋ? ನಿಮ್ಮ ಮೂವರು ಅಧಿಕಾರಿಗಳ ಆರು ಕಿವಿಗಳಲ್ಲಿ ಇದೆಂಥ ಜರಡಿ ಇದೆ?

ತಂಗಿಯನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಭೇಟಿ ಸಿಗಲಿಲ್ಲ, ಗುಮಾಸ್ತರು ಸಿಕ್ಕರು.

“ಅವರ ಬಾಯಿಂದಲೇ ಬಂದಿದೆ ಸಾರ್, ನಾವೇನು ಮಾಡೋಣ?” ಎಂದರು.

“ಪುಸ್ತಕದಲ್ಲಿ ಇದ್ದದ್ದು ಸ್ವಾಮಿ. ನೀವೇ ಹಂಚಿದ್ದು.”

“ಪುಸ್ತಕದಲ್ಲಿ ಯಾರೋ ಹೇಳ್ತಾರೆ. ಇಲ್ಲಿ ಇವರೇ ಹೇಳಿದ್ದಾರೆ. ಬೇಕಾದ್ರೆ ನಿರ್ಧಾರ ಹಿಂದಕ್ಕೆ ತಗೊಳ್ಳೋಕೆ ಅನುಮತಿ ಕೋರಿ ಒಂದು ರಿಕ್ವೆಸ್ಟ್ ಬರೀರಿ. ಇಂಗ್ಲಿಷಲ್ಲಿ.”

ತಂಗಿ ಮೊದಲ ಸಲ ಬಾಯಿ ಬಿಟ್ಟಳು. “ಬಿಡ್ತು ಅಂದಿದ್ದೆನಲ್ಲಾ ಸಾರ್, ಎಲ್ಲರ ಮುಂದೆ?”

ಗುಮಾಸ್ತರು ಕಡತ ತಿರುವಿದರು. “ಹೌದು. ಇಂಗ್ಲಿಷ್ ಅಲ್ಲದ ಪದ ಬಳಸಿದ್ದಕ್ಕೆ ಅರ್ಧ ಮಾರ್ಕು ಕಳೆದಿದ್ದಾರೆ.”

ಕೇಳಿದಿರಾ ಸ್ವಾಮಿ? ಅಂದರೆ ಅವರಿಗೆ ಕೇಳಿಸಿತ್ತು. ಆ ಕೋಣೆಯಲ್ಲಿ ಅವಳು ಆಡಿದ ಸ್ವಂತ ಮಾತು ಅದೊಂದೇ. ಆ ಮೂವರೂ ಅಮ್ಮನ ಮಡಿಲಲ್ಲಿ ಈ ಭಾಷೆ ಕಲಿತವರೇ. ಬಿಡ್ತು ಎಂದರೆ 'ಹಾಗಾಗದಿರಲಿ' ಎಂಬ ಮೊರೆ ಎಂದು ಅವರಿಗೆ ನಾನು ಪಾಠ ಹೇಳಬೇಕೇ? ಪುಸ್ತಕದ ಮಾತಿಗೆ ಅವಳ ಕೆಲಸ ಕಳೆದಿರಿ, ಅವಳ ಮಾತಿಗೆ ಅರ್ಧ ಅಂಕ ಕಳೆದಿರಿ. ನನಗೆ ಇದನ್ನು ನೆನೆದರೆ ಕೋಪಕ್ಕಿಂತ ಮೊದಲು ಅಳು ಬರುತ್ತದೆ.

ಇನ್ನೊಂದು ಸಂಗತಿ ಇದೆ. ಪರೀಕ್ಷೆಗೆ ಮುಂಚಿನ ವಾರ ನಿಮ್ಮ ಉಗ್ರಾಣದವರು ಲಾಂಡ್ರಿಯ ಬಾಗಿಲಿಗೆ ಹೊಸ ಬೀಗ ಹಾಕಲು ನನ್ನನ್ನೇ ಕರೆದರು. ಹಳೆಯ ಬೀಗ ಚೆನ್ನಾಗಿಯೇ ಇತ್ತು. ಏಕೆಂದು ಕೇಳಿದ್ದಕ್ಕೆ, “ಇನ್ನು ಹೊರಗಿನ ಕಂಪನಿಯವರು ಬರ್ತಾರಂತೆ, ಅವರಿಗೊಂದು ಕೀಲಿ ಬೇಕು” ಎಂದರು. ಯಂತ್ರ ರಿಪೇರಿಯವರಿರಬೇಕು ಎಂದುಕೊಂಡೆ. ಈಗ ಹಿಂದಿನ ಗೇಟಿನಲ್ಲಿ ದಿನವೂ ಬೇರೆ ಊರಿನ ವ್ಯಾನು ನಿಂತು ಮೈಲಿಗೆ ಬಟ್ಟೆ ತುಂಬಿಕೊಂಡು ಹೋಗುವುದನ್ನು ಅಂಗಡಿಯಲ್ಲಿ ಕುಳಿತೇ ನೋಡುತ್ತೇನೆ. ಲಾಂಡ್ರಿಯವರನ್ನು ನೀವೇ ತೆಗೆದುಹಾಕಿದರೆ ಪರಿಹಾರ ಕೊಡಬೇಕು, ಅವರೇ ಬಿಟ್ಟರೆ ಶುಭ ಹಾರೈಸಿದರೆ ಸಾಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಾನು ಆರೋಪ ಮಾಡುತ್ತಿಲ್ಲ. ಪರೀಕ್ಷೆಗೆ ಮೊದಲೇ ಬೀಗ ಏಕೆ ಬದಲಾಯಿತು ಎಂದು ಕೇಳುತ್ತಿದ್ದೇನೆ ಅಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನಿಮ್ಮ ಕಚೇರಿಯಲ್ಲಿ ಯಾರಾದರೂ ಇದ್ದರೆ ಅವರೇ ಉತ್ತರಿಸಲಿ.

ಗುಮಾಸ್ತರು ಹೇಳಿದ ರಿಕ್ವೆಸ್ಟನ್ನು ನಾವು ಬರೆಯುವುದಿಲ್ಲ. ಅವಳು ಮಾಡದ ನಿರ್ಧಾರವನ್ನು ಹಿಂದಕ್ಕೆ ಪಡೆಯಲು ಅನುಮತಿ ಬೇಡಿದರೆ, ಮಾಡಿದ್ದು ನಿಜವೆಂದು ನಾವೇ ಒಪ್ಪಿದಂತೆ. ನನ್ನ ಬೇಡಿಕೆ ಬೇರೆ. ಅದೇ ಮೂವರನ್ನು ಅದೇ ಕೋಣೆಯಲ್ಲಿ ಕೂರಿಸಿ. ಚೀಟಿ ಬೇಡ, ಪುಸ್ತಕ ಬೇಡ. ತಂಗಿಯನ್ನು ಕರೆದು, ನಿಮ್ಮ ಮನೆಯಲ್ಲಿ ನೀವು ಮಾತಾಡುವ ಹಾಗೆಯೇ ಒಂದು ಪ್ರಶ್ನೆ ಕೇಳಿ: “ಏನಮ್ಮಾ, ಕೆಲಸ ಬಿಡ್ತೀಯಾ?” ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ. ತಿಂಗಳು ಮುಗಿಯುವ ಮೊದಲೇ ಕೇಳಿ, ಏಕೆಂದರೆ ಆಮೇಲೆ ಅವಳ ಗಂಡನಿಗೆ ಉತ್ತರಕ್ಕೆ ಕಾಯುವಷ್ಟು ದಿನ ಉಳಿದಿರುವುದಿಲ್ಲ. ಈ ಸಲದ ಉತ್ತರವನ್ನು ಅವಳಿಗೆ ಯಾರೂ ಉರು ಹೊಡೆಸಿಲ್ಲ.

ಇಂತಿ,
'ತಮ್ಮ ವಿಶ್ವಾಸಿ' ಎಂದು ಬರೆದರೆ ಅದನ್ನೂ ನಿಜವೆಂದು ದಾಖಲಿಸಿಕೊಂಡೀರೆಂಬ ಭಯದಿಂದ ಹಾಗೆ ಬರೆಯದ,
ಹಿಂದಿನ ಗೇಟಿನೆದುರಿನ ಬೀಗದ ಅಂಗಡಿಯವನು