ನೀರಿನ ನಕ್ಷೆಯ ಒಂದು ಟೊಂಗೆ

ಕುಂದಗೋಳ
೨೩ ಆಗಸ್ಟ್ ೨೦೨೫

ರೇಷ್ಮಾಬಿ ಅಕ್ಕಾ, ನಿಮ್ಮ ರೋಹಿಣಿಯ ನಮಸ್ಕಾರ.

ನೀವು ನಿವೃತ್ತರಾಗಿ ಅಳ್ನಾವರಕ್ಕೆ ಹೋಗಿ ಪಾರಾದಿರಿ. ನನಗೆ ಈ ಶಾಲೆಯೆಂದರೆ ಹೇಸಿಗೆ ಹುಟ್ಟಿದೆ. ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಈ ಕಾಗದ.

ಈಗ ಪ್ರತಿ ಪಾಠಕ್ಕೂ ಮೈಂಡ್ ಮ್ಯಾಪ್ ಮಾಡಬೇಕೆಂದು ಮೇಲಿನವರ ಹುಕುಂ. ಸ್ಮಾರ್ಟ್ ಟಿವಿಯ ನಡುವೆ ಒಂದು ಶಬ್ದ ಬರೆಯುವುದು, ಅದಕ್ಕೆ ಟೊಂಗೆ ಒಡೆಸುತ್ತ ಮಕ್ಕಳು ಹೇಳಿದ್ದನ್ನೆಲ್ಲ ಜೋಡಿಸುವುದು. ಏಳನೇ ತರಗತಿಗೆ ನಾನು ‘ನೀರು’ ಎಂದು ಬರೆದೆ. ಮಕ್ಕಳು ಮಳೆ, ಕೆರೆ, ಕಾಲುವೆ ಎಂದು ಪುಸ್ತಕದ್ದನ್ನೇ ಒದರಿದರು. ಅಮೃತಾ ಎಂಬ ಹುಡುಗಿ ಮಾತ್ರ ಎದ್ದು ಬಂದು ತಾನೇ ಬೆರಳಿನಿಂದ ಬರೆದಳು: ಶಾಲೆಯ ಪಾಯಖಾನೆಯಲ್ಲಿ ನೀರಿಲ್ಲ. ಅದರಿಂದ, ಹುಡುಗಿಯರು ಮುಂಜಾನೆಯಿಂದ ನೀರು ಕುಡಿಯುವುದಿಲ್ಲ. ಅದರಿಂದ ತಲೆನೋವು, ಉರಿಮೂತ್ರ. ಅದರಿಂದ, ಶಾಲೆ ತಪ್ಪುತ್ತದೆ. ಆ ಪಾಯಖಾನೆಯ ನಾತ ನಿಮಗೂ ಗೊತ್ತು. ನಾವಿಬ್ಬರೂ ಮೂಗು ಮುಚ್ಚಿಕೊಂಡು ವರ್ಷಗಟ್ಟಲೆ ಅದರ ಮುಂದೆ ಓಡಾಡಿದವರೇ.

ಬುಧವಾರ ಸಾಹೇಬರೊಬ್ಬರು ಪಾಠ ನೋಡಲು ಬಂದರು. ವಿವರಿಸುವುದಕ್ಕೆ ಅಮೃತಾಳೇ ನಿಂತಿದ್ದಳು, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು. ಟಿವಿ ಹಚ್ಚಿದರೆ ಅವಳ ಟೊಂಗೆಯೇ ಇಲ್ಲ. ಆ ಆ್ಯಪಿನಲ್ಲಿ ಬುಡದ ಒಂದನ್ನು ಅಳಿಸಿದರೆ ಸಾಕು, ಮುಂದಿನದೆಲ್ಲ ಅದರ ಜೊತೆಗೇ ಹೋಗುತ್ತದೆ. ಹುಡುಗಿ ಪರದೆ ನೋಡುತ್ತ ನಿಂತೇಬಿಟ್ಟಳು. ಸಾಹೇಬರು ಬಣ್ಣಗಳನ್ನು ಹೊಗಳಿ, ಉಪ್ಪಿಟ್ಟು ತಿಂದು, ಬಾಟಲಿ ನೀರು ಕುಡಿದು ಹೋದರು.

ಆಮೇಲೆ ಅವಳು ನನ್ನ ಹತ್ತಿರ ಬಂದು ಕೇಳಿದಳು: “ನಾ ಬರದದ್ದು ಸುಳ್ಳಿತ್ತೇನ್ರಿ ಟೀಚರ್?”

ಸುಳ್ಳಲ್ಲ, ಹೆಡ್ ಮಾಸ್ತರು ಅಳಿಸಿದ್ದಾರೆ ಎಂದೆ. ನಮ್ಮ ಶಂಭುಲಿಂಗಪ್ಪ ಮಾಸ್ತರನ್ನು ನೀವು ಬಲ್ಲಿರಿ. ಮೇಲಿನವರು ಬಂದರೆ ಕುರ್ಚಿ ಒರೆಸಲು ತಾವೇ ಓಡುವ ಮನುಷ್ಯ.

ಇವತ್ತು ಅವಳ ಅಪ್ಪ ಯಲ್ಲಪ್ಪ ಬಂದು ಮಕ್ಕಳೆದುರೇ ಮಾಸ್ತರ ಮರ್ಯಾದೆ ತೆಗೆದ. ಇಂಥ ಶಾಲೆಗೆ ಇನ್ನು ಮಗಳನ್ನು ಕಳಿಸುವುದಿಲ್ಲವೆಂದು ಅವಳ ಪಾಟಿಚೀಲ ಹೆಗಲಿಗೇರಿಸಿಕೊಂಡು ಕರೆದೊಯ್ದ. ಅಮೃತಾ ಹಿಂದಿರುಗಿ ನೋಡಲಿಲ್ಲ. ಮಾಸ್ತರು ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ಥೂ, ಎಂಥ ಜನರ ಜೊತೆ ಕೆಲಸ ಮಾಡುತ್ತಿದ್ದೇನೆ ಅಕ್ಕಾ.

ಮನೆಯಲ್ಲಿ ಎಲ್ಲರಿಗೂ ಕೇಳಿದೆನೆಂದು ತಿಳಿಸಿರಿ.

ನಿಮ್ಮ
ರೋಹಿಣಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಅಳಿಸಿದವಳು ನಾನು. ಮಾಸ್ತರಿಗೆ ಆ ಟಿವಿ ಹಚ್ಚಲೂ ಬರುವುದಿಲ್ಲ. ಹಿಂದಿನ ದಿನ ಅವರು ಅಮೃತಾ ಬರೆದದ್ದನ್ನು ಪೂರ್ತಿ ಓದಿ, “ಇರ್ಲಿ ಬಿಡ್ರಿ, ಸಾಹೇಬ್ರೂ ಓದ್ಲಿ” ಅಂದಿದ್ದರು. ಉತ್ತಮ ಶಿಕ್ಷಕಿಯರ ಪಟ್ಟಿಯಲ್ಲಿ ಹೆಸರು ಬೇಕಾಗಿದ್ದದ್ದು ನನಗೆ. ಯಲ್ಲಪ್ಪನ ಮನೆ ಶಾಲೆಯಿಂದ ನಾಲ್ಕೇ ಮನೆ ಆಚೆ ಇದೆ. ಇವತ್ತು ಎರಡು ಸಲ ಅದರ ಮುಂದೆ ಹಾದು ಬಂದೆ.